ಒಲೆ ಮುಂದೆ ಒಂದು, ಹೊಸಿಲು ದಾಟಿದರೆ ಇನ್ನೊಂದು

ದೇವನಹಳ್ಳಿ

ಮಾರಿಷಸ್ಸಿಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಸಮುದ್ರ ಹೇಗಿತ್ತು ಎಂದು ಕೇಳುತ್ತಾರೆ. ನೀಲಿಯಾಗಿತ್ತು. ಅದರ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ನಾನು ಹೇಳಬೇಕೆಂದಿರುವುದು ಅಲ್ಲಿಯವರು ನನ್ನನ್ನು ಕೇಳಿದ ಒಂದು ಪ್ರಶ್ನೆಯ ಬಗ್ಗೆ. ವಿಮಾನದಿಂದ ಇಳಿದಾಗಿನಿಂದ ಮತ್ತೆ ಹತ್ತುವವರೆಗೆ ಸಿಕ್ಕಸಿಕ್ಕವರೆಲ್ಲ ‘ನೀವು ಯಾರು?’ ಎಂದು ಕೇಳಿದರು. ಹೆಸರಲ್ಲ, ಊರಲ್ಲ. ಯಾವ ಪೈಕಿ ಎಂದು. ಉತ್ತರ ಒಂದೇ ಪದದಲ್ಲಿರಬೇಕು.

ನಾನು ದೊಡ್ಡಬಳ್ಳಾಪುರದವಳು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ವಾರ್ಡಿನ ಉಸ್ತುವಾರಿ ನೋಡಿಕೊಂಡು ನಿವೃತ್ತಳಾದೆ. ಬೆಳಿಗ್ಗೆ ಐದಕ್ಕೆ ಏಳುವುದು, ಹಾಸಿಗೆ ಮಡಿಸುವುದು, ಕಾಫಿ, ಸ್ನಾನ, ಇವು ಈ ಕ್ರಮದಲ್ಲಿ ಆಗದಿದ್ದರೆ ಆ ದಿನ ನನಗೆ ದಿನವೇ ಅಲ್ಲ. ಮದುವೆಯಾಗಲಿಲ್ಲ. ತಮ್ಮ ನಾಗರಾಜುವಿನ ಮನೆಯಲ್ಲೇ ಇದ್ದೇನೆ. ಅವನಿಗೆ ಮನೆಯ ಹಿಂದೆ ಪವರ್‌ಲೂಮುಗಳಿವೆ. ಸೀರೆ ನೇಯುವುದು ನಮ್ಮ ತಲೆಮಾರುಗಳ ಕಸುಬು. ಅವನ ಮಗಳು ಚೈತ್ರ ಬೆಂಗಳೂರಿನಲ್ಲಿ ಫಿಸಿಯೋಥೆರಪಿ ಓದುವಾಗ ಜೊತೆಗೆ ಓದಲು ಬಂದಿದ್ದ ಮಾರಿಷಸ್ಸಿನ ಹುಡುಗನನ್ನು ಮೆಚ್ಚಿಕೊಂಡಳು. ಹುಡುಗನ ಮನೆ ನೋಡಿ ಬರುವುದು ಹಿರಿಯರ ಕೆಲಸ. ತಮ್ಮನಿಗೆ ಪಾಸ್‌ಪೋರ್ಟ್ ಇಲ್ಲ, ಅವನ ಹೆಂಡತಿಗೆ ಏಣಿ ಹತ್ತಲೂ ಭಯ. ನನ್ನ ಹತ್ತಿರ ಪಾಸ್‌ಪೋರ್ಟ್ ಇತ್ತು. ಎಂದೋ ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೋಗೋಣವೆಂದು ಮಾಡಿಸಿದ್ದೆ. ಹೋಗಲಿಲ್ಲ. ಆದರೂ ಅವಧಿ ಮುಗಿದಾಗಲೆಲ್ಲ ತಪ್ಪದೆ ನವೀಕರಿಸುತ್ತಿದ್ದೆ. ಕಾಗದಪತ್ರ ಚಾಲ್ತಿಯಲ್ಲಿರಬೇಕು, ಅಷ್ಟೇ.

ವಿಮಾನ ನಿಲ್ದಾಣದ ಬಾಗಿಲಲ್ಲಿ, ಚೈತ್ರ ಗಾಡಿಗೆ ಪೆಟ್ಟಿಗೆ ಏರಿಸುತ್ತಿರುವಾಗ, ತಮ್ಮ ನನ್ನನ್ನು ಪಕ್ಕಕ್ಕೆ ಕರೆದ.

“ಅಕ್ಕಾ, ಒಂದ್ ಮಾತು. ಅಲ್ಲಿ ಯಾರಾದ್ರೂ ಕೇಳಿದ್ರೆ ನಾವು ತೆಲುಗ್ರು ಅಂದ್ಬಿಡು.”

“ಯಾಕೆ?”

“ಹುಡುಗನ ಅಜ್ಜಿ ಹಠ ಹಿಡ್ದವ್ರಂತೆ. ತೆಲುಗು ಹುಡುಗಿ ಆದ್ರೆ ಸರಿ, ಇಲ್ದಿದ್ರೆ ಈ ಮದ್ವೆ ಬೇಡ ಅಂತ. ಆ ಮನೇಲಿ ಆಯಮ್ಮ ಹೇಳಿದ್ದೇ ಆಗೋದಂತೆ.”

“ನಾವು ತೆಲುಗ್ರೇನೋ?”

“ಮನೇಲಿ ಮಾತಾಡೋದು ಏನ್ ಮತ್ತೆ? ಜಪಾನೀಸಾ?”

“ಮಾತಾಡೋದು ಬೇರೆ, ಆಗೋದು ಬೇರೆ ಕಣೋ. ಅಪ್ಪ ಏನ್ ಹೇಳಿದ್ರು, ಮರ್ತೋಯ್ತಾ?”

“ಅಪ್ಪನ್ನ ಯಾಕ್ ಎಳ್ಕೊಂಡ್ ಬರ್ತೀಯ ಇಲ್ಲಿಗೆ! ಸುಳ್ಳು ಹೇಳು ಅಂತಿಲ್ಲಕ್ಕಾ ನಾನು. ಇರೋದ್ರಲ್ಲಿ ಅರ್ಧ ಹೇಳು. ಲೆಕ್ಚರ್ ಕೊಡ್ಬೇಡ, ಅಷ್ಟೇ.”

ಅಪ್ಪ ಹೇಳಿದ್ದು ಇಷ್ಟು: ಒಲೆ ಮುಂದೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ನಮ್ಮ ಬೀದಿಯಲ್ಲಿ ನೇಯುವ ಎಷ್ಟೋ ಮನೆಗಳಲ್ಲಿ ಹೀಗೇ ಇದೆ. ನಮ್ಮ ಮನೆಯಲ್ಲಿ ಮಾತ್ರ ಅದು ಕಾಯಿದೆಯಾಗಿತ್ತು. ಹೊಸಿಲ ಆಚೆ ಬಾಯಿತಪ್ಪಿ ತೆಲುಗು ಬಂದರೆ ಅಪ್ಪ ಒಳಗೆ ಕಳಿಸಿ, ಮತ್ತೆ ಹೊರಗೆ ಬಂದು ಕನ್ನಡದಲ್ಲಿ ಹೇಳು ಎನ್ನುತ್ತಿದ್ದರು. ಒಂದು ಸಲ ಜನಗಣತಿಯವರು ಬಂದು ಜಗಲಿಯ ಮೇಲೆ ಕೂತು ಮಾತೃಭಾಷೆ ಯಾವುದು ಎಂದರು. ಅಪ್ಪ “ಕನ್ನಡ” ಎಂದರು. ಅದೇ ಹೊತ್ತಿಗೆ ಒಳಗಿನಿಂದ ಅಮ್ಮ, “ಎವರು ವಚ್ಚಿಂಡೇದಿ?” ಎಂದು, ಯಾರು ಬಂದಿರೋದು ಅಂತ, ತೆಲುಗಿನಲ್ಲಿ ಕೂಗಿ ಕೇಳಿದರು. ಬರೆಯುತ್ತಿದ್ದವರು ತಲೆಯೆತ್ತಿದರು. “ಅದು ಒಲೆ ಭಾಷೆ. ನೀವು ಜಗಲಿ ಮೇಲೆ ಕೂತಿದೀರ, ಕನ್ನಡ ಬರ್ಕೊಳ್ಳಿ” ಎಂದರು ಅಪ್ಪ.

ಇಷ್ಟೆಲ್ಲ ಮಾಡಿದರೂ ಬೀದಿಯ ಆ ಕೊನೆಯವರು ನಮ್ಮನ್ನು ತೆಲುಗಿನವರು ಎನ್ನುತ್ತಿದ್ದರು. ಆಂಧ್ರದ ಹಿಂದೂಪುರದಲ್ಲಿ ನಾವು ಹೆಣ್ಣು ತಂದ ಮನೆಯವರು ಕನ್ನಡದವರು ಎನ್ನುತ್ತಿದ್ದರು. ನಮಗೆ ನಾವೇ ಇಟ್ಟುಕೊಂಡ ಹೆಸರು ಇತ್ತಲ್ಲ, ಅದನ್ನು ಆಚೆಯವರು ದೂರವಿಡಲು ಕರೆದರು, ಈಚೆಯವರು ಕರೆಯಲೇ ಇಲ್ಲ. ಅದಕ್ಕೇ ನನಗೆ ಅದರ ಮೇಲೆ ಅಷ್ಟು ಬಿಗಿ.

“ತೆಲುಗು ಮಾತಾಡು ಅಂದ್ರೆ ಮಾತಾಡ್ತೀನಿ. ತೆಲುಗೋಳು ಅಂತ ಮಾತ್ರ ಹೇಳಲ್ಲ” ಎಂದೆ.

ತಮ್ಮ ಆಕಾಶ ನೋಡಿದ. ಅಲ್ಲೊಂದು ವಿಮಾನ ಇಳಿಯುತ್ತಿತ್ತು.

ಇಳಿದ ದಿನ

ಮುಂಬೈಯಲ್ಲಿ ವಿಮಾನ ಬದಲಿಸಿ ಹೋಗಿ ಇಳಿದೆವು. ಹುಡುಗ ಬಂದಿದ್ದ. ಎತ್ತರ, ಮೃದು ಮಾತು, ನಮಸ್ಕಾರ ಮಾಡಿದ. ಹೆಸರು ಕೆವಿನ್. ತೆಲುಗು ಹುಡುಗಿಯೇ ಬೇಕು ಎನ್ನುವ ಮನೆಯಲ್ಲಿ ಮೊಮ್ಮಗನಿಗೆ ಕೆವಿನ್ ಎಂದು ಹೆಸರಿಟ್ಟಿದ್ದಾರೆ. ತೆಲುಗು ಬರುತ್ತದೆಯೇ ಎಂದು ಕೇಳಿದೆ. “ಇಲ್ಲ ಆಂಟಿ, ಆದರೆ ನಾವು ತೆಲುಗರು” ಎಂದು ಇಂಗ್ಲಿಷಿನಲ್ಲಿ ಹೇಳಿದ, ಒಂದಿಷ್ಟೂ ಅಳುಕಿಲ್ಲದೆ. ಬಾರದ ಭಾಷೆಯ ಹೆಸರು ಇಟ್ಟುಕೊಂಡ ಅವನು ಇಷ್ಟು ನಿರಾಳವಾಗಿದ್ದಾನೆ. ಬರುವ ಭಾಷೆಯ ಹೆಸರು ಬೇಡವೆಂದು ನಾನು ನಿಲ್ದಾಣದ ಬಾಗಿಲಲ್ಲಿ ತಮ್ಮನ ಜೊತೆ ಜಗಳವಾಡಿ ಬಂದಿದ್ದೇನೆ.

ಕಾರು ಓಡಿಸುತ್ತಿದ್ದವನು ಅವನ ಸ್ನೇಹಿತ, ಆಫ್ರಿಕಾ ಮೂಲದವನು. ದಾರಿಯ ಎರಡೂ ಕಡೆ ಕಬ್ಬು, ಕಬ್ಬಿನ ನಡುವೆ ಕಪ್ಪು ಕಲ್ಲಿನ ಗುಡ್ಡೆಗಳು. ಕೂಲಿಗೆಂದು ಬಂದವರು ಗದ್ದೆಯಿಂದ ಆರಿಸಿ ಆರಿಸಿ ಒಟ್ಟಿದ ಕಲ್ಲುಗಳಂತೆ. ನಮ್ಮ ಕಡೆಯಾದರೆ ಅಷ್ಟು ಕಲ್ಲಿಗೆ ಇಷ್ಟು ಹೊತ್ತಿಗೆ ಕ್ರಷರ್ ಬಂದಿರುತ್ತಿತ್ತು. ಆ ಸ್ನೇಹಿತ ಕನ್ನಡಿಯಲ್ಲಿ ನನ್ನನ್ನು ನೋಡಿ, ನೀವು ಯಾರು, ತೆಲುಗಾ ಎಂದ. ನಾನು ಅವನನ್ನೇ ತಿರುಗಿ ಕೇಳಿದೆ: ನೀನು ಯಾರಪ್ಪಾ? ಅವನು ನಕ್ಕು, ಇಲ್ಲಿಯ ಕಾನೂನಿನ ಪ್ರಕಾರ ಹಿಂದೂಗಳು, ಮುಸ್ಲಿಮರು, ಚೀನಿಯರು ಎಂದು ವಿಂಗಡಣೆ ಇದೆ, ಇವು ಯಾವುದೂ ಅಲ್ಲದವರೆಲ್ಲ ‘ಜನರಲ್ ಪಾಪ್ಯುಲೇಷನ್’, ಅಂದರೆ ಸಾಮಾನ್ಯ ಜನ, ನಾನು ಸಾಮಾನ್ಯ ಜನ ಎಂದ. ನಮ್ಮಲ್ಲಿ ಜನರಲ್ ಅಂದರೆ ಏನೆಂದು ಚೈತ್ರ ಅವನಿಗೆ ವಿವರಿಸಲು ಹೊರಟಳು. ಮನೆ ಬಂದರೂ ಅದು ಮುಗಿಯಲಿಲ್ಲ.

ಮನೆಯ ಗೇಟಿನಲ್ಲಿ ಕೆವಿನ್‌ನ ತಾಯಿ ಸುನೀತಾ ನಿಂತಿದ್ದರು. ನಾನು ಕೈ ಜೋಡಿಸುವಷ್ಟರಲ್ಲಿ ಹತ್ತಿರ ಬಂದು ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಟ್ಟರು. ಅಲ್ಲಿ ಅದೇ ನಮಸ್ಕಾರ. ಮುಗಿಯಿತೆಂದು ನಾನು ಮುಖ ತಿರುಗಿಸಿದೆ. ಅವರು ಇನ್ನೊಂದು ಕೆನ್ನೆಗೆ ಬರುತ್ತಿದ್ದರು. ಕನ್ನಡಕಕ್ಕೆ ಕನ್ನಡಕ ಡಿಕ್ಕಿ ಹೊಡೆದು ನನ್ನದು ನೆಲಕ್ಕೆ ಬಿತ್ತು. ವಾರ್ಡಿನಲ್ಲಿ ಇಷ್ಟು ವರ್ಷ ಸೋಂಕು ಹರಡುವ ಬಗೆ ಹೇಳಿಕೊಟ್ಟ ನಾನು ಆ ವಾರವೆಲ್ಲ ದಿನವೂ ಎರಡೆರಡು ಕೆನ್ನೆ ಒಡ್ಡಿದೆ.

ಅಂಗಳದ ಮುಂದೆ ಹನುಮಂತನ ಪುಟ್ಟ ಗುಡಿ, ಬಿದಿರಿಗೆ ಕಟ್ಟಿದ ಕೆಂಪು ಬಾವುಟ. ಹಿತ್ತಲಲ್ಲಿ ಮಾವಿನ ಮರದ ಕೆಳಗೆ ಇನ್ನೊಂದು ಗೂಡು, ಅದರಲ್ಲಿ ಎಣ್ಣೆ ಇಂಗಿ ಕಪ್ಪಾದ ಒಂದು ದೀಪ. ಎರಡೇಕೆ ಎಂದು ಸುನೀತಾರನ್ನು ಇಂಗ್ಲಿಷಿನಲ್ಲಿ ಕೇಳಿದೆ.

“ಮುಂದಿನದು ನನ್ನದು. ನಾನು ಹಿಂದೂ. ಹಿಂದಿನದು ಅತ್ತೆಯದು. ಅವರು ತೆಲುಗು.”

“ಹಾಗಾದರೆ ಅತ್ತೆ ಹಿಂದೂ ಅಲ್ಲವಾ?”

“ಇಲ್ಲಿ ಅಲ್ಲ. ಅವರು ತೆಲುಗು.”

ನಾನು ಚೈತ್ರಳ ಮುಖ ನೋಡಿದೆ. ಅವಳು ಬಿಡಿಸಿ ಹೇಳಿದಳು: ಆ ದೇಶದಲ್ಲಿ ಬಿಹಾರದ ಕಡೆಯಿಂದ ಬಂದವರ ಮಕ್ಕಳು ಮಾತ್ರ ಹಿಂದೂ ಎಂದು ಕರೆದುಕೊಳ್ಳುವುದಂತೆ. ತಮಿಳರು ತಮಿಳು, ತೆಲುಗರು ತೆಲುಗು, ಮರಾಠಿಯವರು ಮರಾಠಿ. ಒಂದೇ ರಾಮನನ್ನು ಪೂಜಿಸುತ್ತಾರೆ, ಬೇರೆ ಬೇರೆ ಬೀರುವಿನಲ್ಲಿ ಇಡುತ್ತಾರೆ.

“ಹಿತ್ತಲ ದೀಪ ನೀವೂ ಹಚ್ಚುತ್ತೀರಾ?” ಎಂದೆ.

ಸುನೀತಾ ತಲೆ ಅಲ್ಲಾಡಿಸಿದರು. “ಅದು ತೆಲುಗಿನವರ ಕೈಯಿಂದಲೇ ಆಗಬೇಕು. ನಾನು ಎಣ್ಣೆ ತಂದಿಡುತ್ತೇನೆ. ಬತ್ತಿ ಹೊಸೆದು ಕೊಡುತ್ತೇನೆ.”

ಮದುವೆಯಾಗಿ ಬಂದಾಗಿನಿಂದ ಬತ್ತಿ ಹೊಸೆದಿದ್ದಾರೆ, ಹಚ್ಚಿಲ್ಲ.

ಅಪ್ಪಲಮ್ಮ

ಅಜ್ಜಿಯ ಹೆಸರು ಅಪ್ಪಲಮ್ಮ. ಸಣ್ಣ ಆಳು, ಬೆನ್ನು ನೆಟ್ಟಗೆ, ಮಂಡಿ ಮಾತ್ರ ಹೋಗಿತ್ತು. ನಮ್ಮನ್ನು ಎದುರಿಗೆ ಕೂರಿಸಿಕೊಂಡು ಚೈತ್ರಳ ಕೈ ತಿರುವಿ ನೋಡಿದರು, ಬಳೆ ನೋಡಿದರು. ಅವರು ಆಡುವುದು ಫ್ರೆಂಚ್ ಬೆರಕೆಯ ಅಲ್ಲಿಯ ಕ್ರಿಯೋಲ್ ಮತ್ತು ಭೋಜಪುರಿ. ಭೋಜಪುರಿ ನನಗೆ ಅರ್ಥವಾಗುತ್ತದೆ. ನಮ್ಮ ಊರಿನ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಬಿಹಾರದಿಂದ ಬಂದ ಹುಡುಗಿಯರು ಹೆರಿಗೆಗೆ, ಜ್ವರಕ್ಕೆ ನಮ್ಮ ಆಸ್ಪತ್ರೆಗೇ ಬರುತ್ತಿದ್ದರು. ಅವರ ಹಾಸಿಗೆ ಪಕ್ಕದಲ್ಲಿ ಕಲಿತದ್ದು. ಹಾಗಾಗಿ ತೆಲುಗು ಸಂಬಂಧ ಮಾತಾಡಲು ಕೂತ ಹಿರಿಯರಿಬ್ಬರೂ ಭೋಜಪುರಿಯಲ್ಲಿ ಮಾತಾಡಿದೆವು.

ಅವರ ಮುತ್ತಜ್ಜಿಯ ಕಾಲಕ್ಕೆ ವಿಶಾಖಪಟ್ಟಣದ ಕಡೆಯಿಂದ ಹಡಗಿನಲ್ಲಿ ಬಂದವರು. ಊರ ಹೆಸರು ಮರೆತಿದೆ. ಭಾಷೆ ಹೋಗಿದೆ. ಉಳಿದಿರುವುದು ಸಿಂಹಾದ್ರಿ ಅಪ್ಪನ್ನ ಎಂಬ ಆ ಕಡೆಯ ನರಸಿಂಹನ ಹೆಸರಿನ ಆ ದೀಪ. ಪ್ರತಿ ಶನಿವಾರ ಸಂಜೆ ಅದನ್ನು ಹಚ್ಚಬೇಕು. ಅತ್ತೆಯಿಂದ ಸೊಸೆಗೆ ಬಂದದ್ದು. ತೀರಿಹೋದ ಇವರ ಮಗ ಮಾತ್ರ ತೆಲುಗಲ್ಲದವಳನ್ನು ಮದುವೆಯಾಗಿಬಿಟ್ಟ. ಈಗ ಇವರಿಗೆ, ಕೆವಿನ್ ಹೊತ್ತು ಇಳಿಸದಿದ್ದರೆ, ಹಿತ್ತಲ ಮೆಟ್ಟಿಲು ಇಳಿಯಲಾಗುವುದಿಲ್ಲ.

“ನಾನು ಸತ್ತರೆ ಅದನ್ನ ಹಚ್ಚೋರು ಯಾರು?” ಎಂದರು ಅಪ್ಪಲಮ್ಮ. “ಅದಕ್ಕೇ ತೆಲುಗು ಹುಡುಗಿ ಕೇಳಿದ್ದು. ಬೇರೆ ಏನೂ ಬೇಡ ನನಗೆ. ನೀವು ತೆಲುಗು ತಾನೇ?”

ಚೈತ್ರ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

“ನಮ್ಮ ಮನೆಯಲ್ಲಿ ತೆಲುಗು ಮಾತಾಡುತ್ತೇವೆ” ಎಂದೆ. ಸುಳ್ಳಲ್ಲ. ತಮ್ಮ ಹೇಳಿದ ಹಾಗೆ, ಇರುವುದರಲ್ಲಿ ಅರ್ಧ.

ಅಪ್ಪಲಮ್ಮನ ಮುಖ ಅರಳಿತು. ಭಾನುವಾರ ಗುಡಿಯ ಸಭಾಂಗಣದಲ್ಲಿ ನಮ್ಮ ಜನರನ್ನೆಲ್ಲ ಕರೆಯುತ್ತೇನೆ, ನೀವು ಎಲ್ಲರೆದುರು ನಾಲ್ಕು ಮಾತು ತೆಲುಗಿನಲ್ಲಿ ಆಡಬೇಕು ಎಂದರು.

ಸಭಾಂಗಣ

ಕಾರ್ಯಕ್ರಮ ಹತ್ತಕ್ಕೆ ಎಂದಿದ್ದರು. ನಾವು ಹತ್ತಕ್ಕೆ ಮೊದಲೇ ಹೋದೆವು. ಗುಡಿಯ ಬೀಗವೇ ತೆಗೆದಿರಲಿಲ್ಲ. ನಾನೂ ಚೈತ್ರಳೂ ಮೆಟ್ಟಿಲ ಮೇಲೆ ಕೂತೆವು. ಒಬ್ಬರು ಬಂದು ನಮ್ಮಿಬ್ಬರ ಕೆನ್ನೆಗೆ ಮುತ್ತಿಟ್ಟು, ಬೀಗದ ಕೈ ತರಲು ಹೋದರು. ಬೀಗದ ಕೈ ತಂದವರು ಕುರ್ಚಿ ತರಲು ಹೋದರು. ಅಷ್ಟರಲ್ಲಿ ಬಿಸಿಬಿಸಿಯಾಗಿ ಬೇಳೆ ವಡೆ ತಂದು ಕೊಟ್ಟರು. ಅಲ್ಲಿ ಅದಕ್ಕೆ ಗಾತೋ ಪಿಮಾ ಎನ್ನುತ್ತಾರೆ, ಬನ್ನಿನೊಳಗೆ ಬೆಣ್ಣೆ ಸವರಿ ಇಟ್ಟು ತಿನ್ನುತ್ತಾರೆ. ನಮ್ಮ ಅಂಬೊಡೆಯೇ. ಅಂಬೊಡೆಗೆ ಬೆಣ್ಣೆ ಹಚ್ಚುವುದನ್ನು ನಾನು ಒಪ್ಪುವುದಿಲ್ಲ, ಎರಡು ತಿಂದೆ.

ಜನ ಸೇರಿದ ಮೇಲೆ ಭಜನೆ ಶುರುವಾಯಿತು. ಎಲ್ಲರ ಕೈಯಲ್ಲೂ ಪುಸ್ತಕ, ಪುಸ್ತಕದಲ್ಲಿ ರೋಮನ್ ಅಕ್ಷರದಲ್ಲಿ ಬರೆದ ತೆಲುಗು ಹಾಡು. ರಕಾರವನ್ನು ಫ್ರೆಂಚರ ಹಾಗೆ ಗಂಟಲಲ್ಲಿ ಉರುಳಿಸಿ ರಾಮನನ್ನು ಕರೆಯುತ್ತಾರೆ. ಅರ್ಥ ಯಾರಿಗೂ ಗೊತ್ತಿಲ್ಲ. ಆದರೆ ಒಬ್ಬರೂ ಒಂದು ಸಾಲು ತಪ್ಪಲಿಲ್ಲ. ನಾನು ತೆಲುಗಿನಲ್ಲಿ ಹುಟ್ಟಿ ಬೆಳೆದವಳು, ನನಗೆ ಅವುಗಳಲ್ಲಿ ಒಂದು ಹಾಡೂ ಬರುತ್ತಿರಲಿಲ್ಲ. ಚೈತ್ರ ನನ್ನ ಮಗ್ಗುಲಲ್ಲಿ ಬಾಯಿ ಆಡಿಸುವ ನಟನೆ ಮಾಡುತ್ತಿದ್ದಳು.

ಆಮೇಲೆ ನನ್ನನ್ನು ಕರೆದರು. ‘ಭಾರತದಿಂದ ಬಂದ ನಮ್ಮ ತೆಲುಗು ಸೋದರಿ’ ಎಂದರು. ಚಪ್ಪಾಳೆ. ಮುಂದಿನ ಸಾಲಿನಲ್ಲಿ ಅಪ್ಪಲಮ್ಮ, ಅವರ ಪಕ್ಕದಲ್ಲಿ ಸುನೀತಾ. ಮೈಕು ಹಿಡಿದು ನಿಂತೆ. ಏನು ಹೇಳಬೇಕೆಂದು ಹಿಂದಿನ ದಿನವೇ ಜೋಡಿಸಿಕೊಂಡಿದ್ದೆ; ಅದೇ ಕ್ರಮದಲ್ಲಿ ಹೇಳಿದೆ. ನಾವು ಬಟ್ಟೆ ನೇಯುವ ಜನ, ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಹಳೆಯ ನೂಲು ಮುಗಿಯುವಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ ಹೊಸೆಯುತ್ತೇವೆ, ಈ ಮಗುವನ್ನು ನಿಮ್ಮ ಮನೆಗೆ ಹಾಗೆ ಸೇರಿಸಿಕೊಳ್ಳಿ, ಎಳೆ ಕಡಿಯದ ಹಾಗೆ ನೋಡಿಕೊಳ್ಳಿ. ಚೆನ್ನಾಗಿಯೇ ಹೇಳಿದೆನೆಂದು ಅನಿಸಿತು. ಹಿಂದಿನ ಸಾಲಿನಲ್ಲಿ ಒಬ್ಬರು ಮುದುಕರು ಕಣ್ಣು ಒರೆಸಿಕೊಂಡರು. ಅಪ್ಪಲಮ್ಮ ಎರಡೂ ಕೈ ಎತ್ತಿ ಮುಗಿದರು. ಚೈತ್ರ ಒಬ್ಬಳೇ ದೆವ್ವ ಕಂಡವಳ ಹಾಗೆ ಕೂತಿದ್ದಳು.

ಕೆಳಗಿಳಿದಾಗ ಅಲ್ಲಿಯ ತೆಲುಗು ಮೇಷ್ಟ್ರು ಎದ್ದು ಬಂದರು. ಪುಸ್ತಕದಿಂದಲೇ ಕಲಿತು ಮಕ್ಕಳಿಗೆ ಕಲಿಸುವವರು, ಬಲು ವಿನಯ. “ಅಮ್ಮಾ, ಮೀದಿ ಏ ಜಿಲ್ಲಾ?” ಎಂದು ಒಂದೊಂದೇ ಪದ ಇಟ್ಟು ಕೇಳಿದರು. ಆಮೇಲೆ ಇಂಗ್ಲಿಷಿನಲ್ಲಿ, ನಿಮ್ಮ ಜಿಲ್ಲೆಯ ತೆಲುಗು ನನಗೆ ಅಲ್ಲಲ್ಲಿ ಮಾತ್ರ ಅರ್ಥವಾಯಿತು, ಬಹಳ ಹಳೆಯ ರೂಪವಿರಬೇಕು, ಎಷ್ಟು ಗಂಭೀರವಾಗಿದೆ ಎಂದರು.

ಚೈತ್ರ ನನ್ನ ಮೊಣಕೈ ಹಿಡಿದು ಸೀದಾ ಹೊರಗೆ ಎಳೆದುಕೊಂಡು ಹೋದಳು.

“ಅತ್ತೆ! ಏನ್ ಮಾಡ್ಬಿಟ್ರಿ ನೀವು?”

“ಯಾಕೆ, ಜಾಸ್ತಿ ಆಯ್ತಾ?”

“ಕನ್ನಡದಲ್ಲಿ ಮಾತಾಡ್ಬಿಟ್ರಿ ಅತ್ತೆ! ಮೊದಲಿಂದ ಕೊನೇವರ್ಗೂ ಕನ್ನಡ!”

ನಾನು ನಿಂತಲ್ಲೇ ನಿಂತೆ. ಜೀವಮಾನದಲ್ಲಿ ಮೈಕಿನ ಮುಂದೆ ನಾನು ಆಡಿದ್ದೆಲ್ಲ ಕನ್ನಡ. ರಾಜ್ಯೋತ್ಸವದಲ್ಲಿ, ದಾದಿಯರ ದಿನಾಚರಣೆಯಲ್ಲಿ, ನನ್ನದೇ ಬೀಳ್ಕೊಡುಗೆಯಲ್ಲಿ. ಹೊಸಿಲು ದಾಟಿದ ಮೇಲೆ ಬಾಯಿ ತನ್ನಷ್ಟಕ್ಕೆ ತಿರುಗಿಕೊಂಡಿತ್ತು. ಅಪ್ಪ ಹಾಕಿದ ಕಟ್ಟು ಸಮುದ್ರದಾಚೆಗೂ ಬಿಗಿಯಾಗಿಯೇ ಇತ್ತು.

“ಯಾರಿಗೂ ಗೊತ್ತಾಗ್ಲಿಲ್ವಲ್ಲ” ಎಂದೆ. ನನ್ನ ಬಾಯಿಂದ ಅಂಥ ಮಾತು ಬಂದದ್ದಕ್ಕೆ ನನಗೇ ಹೇಸಿಗೆಯಾಯಿತು.

“ಗೊತ್ತಾಗಲ್ಲ ಅನ್ನೋದೇ ಪ್ರಾಬ್ಲಂ! ಯಾರೋ ಫೋನಲ್ಲಿ ವೀಡಿಯೋ ಮಾಡ್ಕೊಂಡಿದಾರೆ. ನಾಳೆ ತೆಲುಗು ಬರೋರು ಒಬ್ರು ನೋಡಿದ್ರೂ ಮುಗೀತು. ಅಜ್ಜಿ ನಂಗೆ ಮೋಸ ಮಾಡಿದ್ರಿ ಅಂತಾರೆ. ಒಂದು ಮಾತು, ಒಂದೇ ಒಂದು ಮಾತು ತೆಲುಗಲ್ಲಿ ಹೇಳಿದ್ರೆ ಆಗ್ತಿತ್ತು. ನಂಗೆ ಬೈಯೋಕೆ ಮಾತ್ರ ಎಷ್ಟ್ ಚೆನ್ನಾಗಿ ಬರತ್ತೆ ನಿಮಗೆ!”

ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡಳು. ಅವಳು ಅಳುವವಳಲ್ಲ. ಒಳಗೆ ಬಾಳೆ ಎಲೆ ಹಾಕಿ ಏಳು ಬಗೆಯ ಪಲ್ಯ ಬಡಿಸುತ್ತಿದ್ದರು. ಇಬ್ಬರೂ ಹೋಗಿ ಕೂತು ತಿಂದೆವು.

ಅಡುಗೆಮನೆ

ಮರುದಿನ ಐದಕ್ಕೆ ಎದ್ದೆ. ಹಾಸಿಗೆ ಮಡಿಸಿ ಕೆಳಗಿಳಿದರೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಅಪ್ಪಲಮ್ಮ ಸ್ಟೂಲಿನ ಮೇಲೆ ಕೂತು ಚಹಾಕ್ಕೆ ನೀರಿಟ್ಟಿದ್ದರು. ಆ ಇಡೀ ದ್ವೀಪದಲ್ಲಿ ಐದಕ್ಕೆ ಏಳುವ ಇನ್ನೊಬ್ಬರನ್ನು ಕಂಡು ನನಗೆ ಮೊದಲ ಬಾರಿಗೆ ಸಮಾಧಾನವಾಯಿತು. ಅದೇ ಸಮಾಧಾನದಲ್ಲಿ ಹೇಳಿಬಿಡಬೇಕೆಂದುಕೊಂಡೆ. ಇಂಜೆಕ್ಷನ್ ಚುಚ್ಚುವಾಗ ತಡ ಮಾಡಿದಷ್ಟೂ ನೋವು ಹೆಚ್ಚು.

“ನಿನ್ನೆ ಸಭೆಯಲ್ಲಿ ನಾನು ಆಡಿದ್ದು ತೆಲುಗಲ್ಲ” ಎಂದೆ. “ಅದು ಕನ್ನಡ. ನಾವು ಕನ್ನಡದವರು.”

ಅಪ್ಪಲಮ್ಮ ಒಲೆ ಸಣ್ಣ ಮಾಡಿದರು. ತಿರುಗಿ ನೋಡಲಿಲ್ಲ.

“ಮೊನ್ನೆ ಮನೇಲಿ ತೆಲುಗು ಮಾತಾಡ್ತೀವಿ ಅಂದೆಯಲ್ಲ.”

“ಅದೂ ನಿಜ.”

“ಹಂಗಾದ್ರೆ ಯಾವುದು ನೀನು? ಒಂದು ಹೇಳು.”

ಅದೇ ಪ್ರಶ್ನೆ, ಒಂದೇ ಪದ. ನನಗೆ ರೇಗಿಹೋಯಿತು. ಅಪ್ಪನ ಕಾಯಿದೆ, ಜನಗಣತಿ, ಹಿಂದೂಪುರ, ಎಲ್ಲವನ್ನೂ ಹೇಳಿದೆ. ಆಸ್ಪತ್ರೆಯ ಭೋಜಪುರಿಯಲ್ಲಿ ಇಷ್ಟೆಲ್ಲ ಹೇಳುವುದು ಸುಲಭವಲ್ಲ. ನನಗೆ ಚೆನ್ನಾಗಿ ಬರುವುದು ‘ನೋವು ಎಲ್ಲಿ’, ‘ಉಸಿರು ಬಿಗಿಹಿಡಿ’ ಇಂಥವು. ಕೊನೆಗೆ ಹೇಳಿದೆ: “ಒಲೆ ಮುಂದೆ ಒಂದು, ಹೊಸಿಲು ದಾಟಿದರೆ ಇನ್ನೊಂದು. ಎರಡರಲ್ಲಿ ಒಂದು ಕಿತ್ತರೆ ನಾನು ಉಳಿಯೋದಿಲ್ಲ. ಹುಡುಗಿ ಬೇಡ ಅನ್ನೋದಾದರೆ ಈಗಲೇ ಹೇಳಿ. ಕರೆದುಕೊಂಡು ಹೋಗ್ತೀನಿ.”

ಅಷ್ಟರಲ್ಲಿ ಚೈತ್ರ ಕಣ್ಣು ಉಜ್ಜಿಕೊಳ್ಳುತ್ತ ಬಾಗಿಲಿಗೆ ಬಂದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಅಡುಗೆಮನೆಯಲ್ಲವೇ, ತೆಲುಗಿನಲ್ಲೇ ನನ್ನ ಮೇಲೆ ಬಿದ್ದಳು. ಯಾಕೆ ಹೇಳಿದಿರಿ, ಒಂದು ಮಾತು ನನ್ನನ್ನು ಕೇಳಬಾರದಾ ಎಂದು. ನಾನೂ ತೆಲುಗಿನಲ್ಲೇ ತಿರುಗಿ ಕೊಟ್ಟೆ: ಸುಮ್ಮನಿರು, ಸುಳ್ಳಿನ ಮೇಲೆ ಸಂಸಾರ ಕಟ್ಟೋಕಾಗಲ್ಲ, ಮೊದಲು ಮುಖ ತೊಳೆದು ಬಂದು ಬುವ್ವ ತಿನ್ನು. ಅನ್ನಕ್ಕೆ ನಮ್ಮ ಮನೆಯಲ್ಲಿ ಮಕ್ಕಳ ಜೊತೆ ಹಾಗೇ ಅನ್ನುವುದು. ಅವಳು ಎಷ್ಟು ದೊಡ್ಡವಳಾದರೂ ನನ್ನ ಬಾಯಲ್ಲಿ ಅದು ಬದಲಾಗಿಲ್ಲ.

ಅಪ್ಪಲಮ್ಮ ಸ್ಟೂಲು ಬಿಟ್ಟು ಎದ್ದರು.

“ಏನಂದೆ? ಬುವ್ವ?”

“ಹೌದು. ಅನ್ನ.”

“ನಮ್ಮ ಅಜ್ಜಿ ಅಂತಿದ್ಲು. ಬುವ್ವ, ಬುವ್ವ ಅಂತ ತಟ್ಟೆ ಹಿಡ್ಕೊಂಡು ನನ್ನ ಹಿಂದೆ ಓಡಾಡೋಳು. ಮೇಷ್ಟ್ರ ಪುಸ್ತಕದಲ್ಲಿ ಹುಡುಕಿಸಿದೆ. ಇಲ್ಲ ಅಂದ್ರು. ನಾನೇ ಏನೋ ಕನಸು ಕಂಡಿರ್ಬೇಕು ಅಂದ್ಕೊಂಡಿದ್ದೆ.”

ಅವರು ಮತ್ತೆ ಕೂತರು. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಯಾರೂ ಒರೆಸಲಿಲ್ಲ, ನನಗೆ ಕೈ ತುರಿಸುತ್ತಿತ್ತು. ಅಷ್ಟರಲ್ಲಿ ಸುನೀತಾ ಒಳಗೆ ಬಂದು, ಏನೂ ಕೇಳದೆ ಒಲೆ ಆರಿಸಿ, ಬಟ್ಟೆ ತಂದು ಒರೆಸಿ, ಮತ್ತೆ ನೀರಿಟ್ಟರು. ಅತ್ತೆ ಸೊಸೆಯನ್ನೇ ನೋಡುತ್ತಿದ್ದರು.

“ನಿಮ್ಮಪ್ಪನ ಲೆಕ್ಕದಲ್ಲಿ ಒಲೆ ಮುಂದಿನ ಮಾತೇ ಮನೆ ಮಾತು, ಅಲ್ವಾ?” ಎಂದರು ನನಗೆ.

“ಹೌದು.”

“ಈ ಒಲೆ ಇವಳದು. ಇವಳು ಆಡೋದು ಭೋಜಪುರಿ. ಹಂಗಾದ್ರೆ ಇಷ್ಟು ವರ್ಷ ನಾನು ಭೋಜಪುರಿ ಮನೇಲಿ ಕೂತ್ಕೊಂಡು ತೆಲುಗು ತೆಲುಗು ಅಂತ ಕೂಗಾಡಿದೀನಿ!”

ಬೊಚ್ಚು ಬಾಯಿ ತೆರೆದು ನಕ್ಕರು. ಹಿಂದಿನ ಮಾತು ಕೇಳಿರದ ಸುನೀತಾ ಏನೂ ಅರ್ಥವಾಗದೆ ನಮ್ಮಿಬ್ಬರನ್ನೂ ನೋಡಿದರು. ನನಗೆ ನಗು ಬರಲಿಲ್ಲ. ಮದುವೆ ಉಂಟೋ ಇಲ್ಲವೋ ಎಂದು ನಾನು ಕೇಳಿದ್ದೆ. ಆ ಮುದುಕಿ ಅದಕ್ಕೆ ಉತ್ತರವನ್ನೇ ಕೊಟ್ಟಿರಲಿಲ್ಲ. ವಾರ್ಡಿನಲ್ಲಿ ಹೀಗೆ ಮಾಡುವ ಡಾಕ್ಟರುಗಳಿದ್ದರು, ಅವರನ್ನೂ ನಾನು ಬೈಯುತ್ತಿದ್ದೆ.

ಶನಿವಾರ

ಉತ್ತರಕ್ಕಾಗಿ ಆ ವಾರ ಪೂರ್ತಿ ಕಾದೆವು. ಕೆವಿನ್ ನಮ್ಮನ್ನು ಸಮುದ್ರಕ್ಕೆ ಕರೆದುಕೊಂಡು ಹೋದ. ಹೇಳಿದೆನಲ್ಲ, ನೀಲಿ. ಚೈತ್ರ ಅವನ ಜೊತೆಯೂ ಮಾತಾಡದೆ, ನನ್ನ ಜೊತೆಯೂ ಮಾತಾಡದೆ ಮರಳಿನಲ್ಲಿ ಕೂತಿದ್ದಳು. ಅವನು ನನ್ನ ಹತ್ತಿರ ಬಂದು, ಆಂಟಿ, ಅಜ್ಜಿ ಬೇಡ ಅಂದರೂ ನಾನು ಬೆಂಗಳೂರಿಗೆ ಬಂದು ಮದುವೆಯಾಗುತ್ತೇನೆ ಎಂದ. “ಅವಳು ಬರಲ್ಲಪ್ಪಾ. ಅಜ್ಜಿ ಬೇಡ ಅಂದ ಮನೆಗೆ ನಮ್ಮ ಹುಡುಗಿ ಕಾಲಿಡಲ್ಲ” ಎಂದೆ.

ನಾವು ಹೊರಡುವ ಹಿಂದಿನ ದಿನ ಶನಿವಾರ. ಸಂಜೆ ಅಪ್ಪಲಮ್ಮ ಹಿತ್ತಲ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತು ಚೈತ್ರಳನ್ನು ಕೂಗಿದರು. ಅವಳ ಕೈಗೆ ಎಣ್ಣೆ ಬಾಟಲಿ ಕೊಟ್ಟು ಮೆಟ್ಟಿಲ ಕಡೆ ಬೆರಳು ತೋರಿಸಿದರು.

“ಹೋಗು. ಹಚ್ಚು.”

ಚೈತ್ರ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಇಳಿದು ಹೋಗಿ ದೀಪಕ್ಕೆ ಎಣ್ಣೆ ಹಾಕಿ, ಸುನೀತಾ ಹೊಸೆದಿಟ್ಟಿದ್ದ ಬತ್ತಿ ಹಾಕಿದಳು. ಸಮುದ್ರದ ಗಾಳಿ ಜೋರಾಗಿತ್ತು. ಮೊದಲ ಕಡ್ಡಿ ಆರಿತು. ಎರಡನೆಯದೂ ಆರಿತು.

“ಕೈ ಅಡ್ಡ ಹಿಡಿ” ಎಂದು ನಾನು ಕೂಗಿದೆ. ಹುಡುಗಿ ಒಂದು ಕೈಯಲ್ಲಿ ಬೆಂಕಿಪೊಟ್ಟಣ, ಒಂದು ಕೈಯಲ್ಲಿ ಕಡ್ಡಿ ಹಿಡಿದು ಮೂರನೆಯ ಕೈ ಎಲ್ಲಿಂದ ತಂದಾಳು?

ಬಟ್ಟೆ ಒಣಹಾಕುತ್ತಿದ್ದ ಸುನೀತಾ ತಂತಿಯ ಹತ್ತಿರದಿಂದ ಓಡಿಬಂದರು. ಗೂಡಿನ ಮುಂದೆ ಮಂಡಿಯೂರಿ ಎರಡೂ ಅಂಗೈ ಬೊಗಸೆ ಮಾಡಿ ಬತ್ತಿಯ ಸುತ್ತ ಹಿಡಿದರು. ಆಮೇಲೆ, ತಾನು ಎಲ್ಲಿಗೆ ಬಂದಿದ್ದೇನೆ ಎಂದು ನೆನಪಾದವರಂತೆ ಹಾಗೇ ಸ್ತಬ್ಧರಾಗಿ ಅತ್ತೆಯ ಕಡೆ ನೋಡಿದರು. ಕೈ ಮಾತ್ರ ತೆಗೆಯಲಿಲ್ಲ.

ಅಪ್ಪಲಮ್ಮ ಚೈತ್ರಳಿಗೆ ಹಚ್ಚು ಎಂದು ಕೈಸನ್ನೆ ಮಾಡಿದರು.

ಚೈತ್ರ ಆ ಬೊಗಸೆಯೊಳಗೆ ಕಡ್ಡಿ ಇಳಿಸಿದಳು. ದೀಪ ಹತ್ತಿತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪಲಮ್ಮ ನನಗೆ ಹೇಳಿದರು: “ಮದುವೆಗೆ ನಿನ್ನ ತಮ್ಮನಿಗೆ ಪಾಸ್‌ಪೋರ್ಟ್ ಮಾಡಿಸು.” ಆಮೇಲೆ, ಹೊರಡುವ ಮೊದಲು ಒಲೆ ಮುಂದೆ ನೀವು ಆಡುವ ಮಾತು ಒಂದನ್ನಾದರೂ ಕಲಿಸಿಕೊಟ್ಟು ಹೋಗು ಎಂದು ಹಠ ಹಿಡಿದರು. ಊಟವಾಯಿತಾ ಎಂದು ಕೇಳುವುದನ್ನು ಕಲಿಸಿದೆ. ಬೆಳಿಗ್ಗೆ ಗೇಟಿನವರೆಗೂ ಅದನ್ನೇ ಹೇಳಿಕೊಂಡು ಬಂದರು, ತಪ್ಪುತಪ್ಪಾಗಿ.

ದೊಡ್ಡಬಳ್ಳಾಪುರ

ತಮ್ಮ ದೇವನಹಳ್ಳಿಗೆ ಕಾರು ತಂದಿದ್ದ. ಪೆಟ್ಟಿಗೆ ಇಡುವ ಮೊದಲೇ ಕೇಳಿದ:

“ಅಲ್ಲಿ ಏನಂದೆ ಅಕ್ಕಾ? ನಾನ್ ಹೇಳಿದ್ ಹಂಗೇ ಅಂದೆ ತಾನೇ?”

“ಸಭೇಲಿ ಕನ್ನಡದಲ್ಲಿ ಭಾಷಣ ಮಾಡ್ದೆ.”

ಅವನು ಡಿಕ್ಕಿಯ ಮುಚ್ಚಳ ಬಿಟ್ಟು ತಲೆಯ ಮೇಲೆ ಕೈ ಇಟ್ಟುಕೊಂಡ. “ನಿನ್ನನ್ ಕಳಿಸಿದ್ದೇ ತಪ್ಪು ಕಣಕ್ಕಾ. ಮುಗೀತಾ?”

“ಪಾಸ್‌ಪೋರ್ಟಿಗೆ ಅರ್ಜಿ ಹಾಕು” ಎಂದೆ. ಉಳಿದದ್ದನ್ನು ಚೈತ್ರ ದಾರಿಯುದ್ದಕ್ಕೂ ಹೇಳಿದಳು, ಕನ್ನಡದಲ್ಲಿ. ಮನೆಯೊಳಗೆ ಹೋಗಿ ತನ್ನ ಅಮ್ಮನಿಗೆ ಮತ್ತೆ ಮೊದಲಿನಿಂದ ಹೇಳಿದಳು, ತೆಲುಗಿನಲ್ಲಿ.

ಆಮೇಲೊಂದು ಬೆಳಿಗ್ಗೆ ನಾನು ಜಗಲಿಯ ಕೆಳಗೆ ನಿಂತು ಸೊಪ್ಪಿನವಳ ಹತ್ತಿರ ದಂಟಿನ ಕಟ್ಟು ಆರಿಸುತ್ತಿದ್ದೆ. ಹಿಂದೆ ಮಗ್ಗಗಳು ಓಡುತ್ತಿದ್ದವು. ಫೋನು ಬಂತು. ಸುನೀತಾ ಕೆನ್ನೆಗೆ ಮುತ್ತಿಡುವ ಸದ್ದು ಮಾಡಿ, ಅತ್ತೆ ಮಾತಾಡಬೇಕಂತೆ ಎಂದರು. ಆಮೇಲೆ ಅಪ್ಪಲಮ್ಮ, ಒಂದೊಂದೇ ಮೆಟ್ಟಿಲು ಇಳಿದಂತೆ:

“ಬುವ್ವ... ತಿಂಟಿವಾ?”

ತಪ್ಪಿಲ್ಲದೆ ಹೇಳಿದರು. ನಾನು ಬಾಯಿ ತೆರೆದೆ. ಉತ್ತರ ನಾಲಗೆಯ ತುದಿಯಲ್ಲಿತ್ತು, ಆದರೆ ನಾನು ನಿಂತಿದ್ದು ಬೀದಿಯಲ್ಲಿ. ಮಾತು ಹೊರಡಲಿಲ್ಲ. ಆ ಕಡೆಯಿಂದ ಅವರು ಮತ್ತೆ ಕೇಳಿದರು, ಈ ಸಲ ಸ್ವಲ್ಪ ಅಳುಕಿನಿಂದ. “ಏನ್ ಸಿಸ್ಟರ್, ಬೇಡ್ವಾ ಸೊಪ್ಪು?” ಎಂದಳು ಸೊಪ್ಪಿನವಳು. ಅವಳ ಕೈಗೆ ಕಟ್ಟು ವಾಪಸ್ಸು ತುರುಕಿ ಜಗಲಿ ಹತ್ತಿ, ಹೊಸಿಲು ದಾಟಿ, ನಡುಮನೆಯಲ್ಲಿ ತಿಂಡಿ ತಿನ್ನುತ್ತಿದ್ದ ತಮ್ಮನ ತಟ್ಟೆ ದಾಟಿ ಓಡಿದೆ.

“ತಿಂಟಿ ಅಕ್ಕಾ” ಎಂದೆ, ಒಲೆಯ ಮುಂದೆ ನಿಂತು. “ಮೀರು ತಿಂಟಿರಾ?”

ಆಮೇಲೆ ನೋಡಿದರೆ ಕಾಲಲ್ಲಿ ಚಪ್ಪಲಿ ಇತ್ತು.